ತೂಬು ಮತ್ತು ಅಗಸಿ

ಗೋಕಾಕ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ‘ಅಗಸಿ’ ಎಂಬ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ. ದಕ್ಷಿಣದ ವಾಚಕರಿಗಾಗಿ ಒಂದು ಮಾತು ಹೇಳಬಹುದು. ಊರಿನ ಸುತ್ತ ಗೋಡೆಯಿದ್ದ ಕಾಲದಲ್ಲಿ ಆ ಗೋಡೆಗಿದ್ದ ಹೆಬ್ಬಾಗಿಲೇ ಅಗಸಿ. ಹಗಲೆಲ್ಲ ದನಕರು, ಬಂಡಿ, ಸಂತೆಯ ಜನ ಅದರ ಮೂಲಕವೇ ಬರಬೇಕು, ಅದರ ಮೂಲಕವೇ ಹೋಗಬೇಕು. ಕತ್ತಲಾದ ಮೇಲೆ ಕದವಿಕ್ಕಿ ಅಗಳಿ ಹಾಕಿದರೆ ಬೆಳಗಾಗುವವರೆಗೆ ಊರು ಊರಿನವರದು. ಆ ಅಗಳಿ ಹಾಕುವ ಕೆಲಸಕ್ಕೆ ಒಬ್ಬ ತಳವಾರನಿದ್ದನು. ಅವನ ಹೊಟ್ಟೆಯ ಭಾರವನ್ನು ಊರೇ ಹೊತ್ತಿದ್ದಿತು. ಇಂದು ಗೋಡೆಗಳು ಕುಸಿದಿವೆ. ಹುಕ್ಕೇರಿ ತಾಲೂಕಿನ ವಲ್ಲಭಗಡದಂಥ ಕೋಟೆಗಳೂ ನೋಡಲು ಬರುವವರ ಪಾಲಾಗಿವೆ. ಆದರೂ ಅಗಸಿ ಎಂಬ ಮಾತು ಜನರ ಬಾಯಲ್ಲಿ ಉಳಿದಿದೆ.

ಇದೇ ಸೀಮೆಯವರು ಚೆನ್ನಾಗಿ ಬಲ್ಲ ಇನ್ನೊಂದು ಮಾತು ‘ತೂಬು’. ಇದು ಘಟಪ್ರಭೆ ಹರಿಯುವ ನಾಡು. ಗೋಕಾಕ ಜಲಪಾತದಲ್ಲಿ 52 ಮೀಟರು ಕೆಳಕ್ಕೆ ಧುಮುಕುವ ನೀರಿನ ಬಲವನ್ನು ಹಿಡಿದು 1887ರಷ್ಟು ಹಿಂದೆಯೇ ಇಲ್ಲಿ ಹತ್ತಿಯ ಗಿರಣಿ ತಿರುಗತೊಡಗಿತು. ಜಲಪಾತದ ಮೇಲ್ಗಡೆ, ಧೂಪದಾಳದಲ್ಲಿ, ನದಿಗೆ ಅಡ್ಡವಾಗಿ ಕಟ್ಟೆ ಹಾಕಿ ನೀರನ್ನು ಕಾಲುವೆಗೆ ತಿರುಗಿಸಿದರು. ಕಾಲುವೆಯ ನೀರು ಯಾವ ಹೊಲಕ್ಕೆ ಎಷ್ಟು ಹೋಗಬೇಕೆಂಬುದನ್ನು ನಿಶ್ಚಯಿಸುವುದು ತೂಬು. ತೂಬಿನ ಕೆಲಸ ಹರಿಸುವುದು. ಅಗಸಿಯ ಕೆಲಸ ತಡೆಯುವುದು. ಇವೆರಡನ್ನೂ ನಮ್ಮ ಹಿರಿಯರು ಬೇರೆ ಬೇರೆಯಾಗಿಯೇ ಕಟ್ಟಿದರು, ಬೇರೆ ಬೇರೆ ಜನರಿಗೇ ಒಪ್ಪಿಸಿದರು.

ಇತ್ತೀಚೆಗೆ ಇವೆರಡೂ ಒಂದೇ ಪೆಟ್ಟಿಗೆಯಲ್ಲಿ ಕೂಡಿಕೊಂಡು ನಮ್ಮ ಮನೆಗಳಿಗೆ ಬಂದಿವೆ. ಪಡಸಾಲೆಯ ಮೂಲೆಯಲ್ಲಿಯೋ ಟಿ.ವಿ.ಯ ಪಕ್ಕದಲ್ಲಿಯೋ ಎರಡು ಕೊಂಬು ನಿಮಿರಿಸಿಕೊಂಡು, ಹಸಿರು ದೀಪ ಮಿನುಗಿಸುತ್ತ ಕುಳಿತಿರುವ ಆ ಪುಟ್ಟ ಪೆಟ್ಟಿಗೆಗೆ ರೌಟರು ಎಂದು ಹೆಸರು. ಮೋಡೆಮ್ ಎಂದು ಕರೆಯುವವರೂ ಉಂಟು. ಹೊರಗಿನಿಂದ ಬರುವ ಇಂಟರ್ನೆಟ್ಟಿನ ಪ್ರವಾಹವನ್ನು ಮಗನ ಕಂಪ್ಯೂಟರಿಗಿಷ್ಟು, ಸೊಸೆಯ ಫೋನಿಗಿಷ್ಟು, ಮೊಮ್ಮಗನ ಆಟಕ್ಕಿಷ್ಟು ಎಂದು ಹಂಚುವುದರಿಂದ ಅದು ತೂಬು. ಹೊರಗಿನ ಜಗತ್ತೆಲ್ಲ ಮನೆಯನ್ನು ಮುಟ್ಟಬೇಕಾದರೆ ಅದರ ಎದುರಿಗೇ ಬಂದು ನಿಲ್ಲಬೇಕಾಗಿರುವುದರಿಂದ ಅದು ಅಗಸಿ. ನಾವು ಹಣ ಕೊಟ್ಟು ತಂದದ್ದು ತೂಬನ್ನು. ಅದರೊಡನೆ ಒಂದು ಅಗಸಿಯೂ ಬಂದಿದೆ, ಅದಕ್ಕೆ ನಾವೇ ತಳವಾರರಾಗಬೇಕು ಎಂಬುದನ್ನು ಮಾರಿದವರು ಹೇಳಲಿಲ್ಲ, ಕೊಂಡವರು ಕೇಳಲಿಲ್ಲ. ಈ ಮರವೆಯ ಇತಿಹಾಸವನ್ನೂ, ಅದಕ್ಕೆ ನಮ್ಮ ನಾಡು ತೆತ್ತ ಬೆಲೆಯನ್ನೂ ಇಲ್ಲಿ ಸ್ಥೂಲವಾಗಿ ಹೇಳಬೇಕೆಂದಿದೆ.

ಕದವಿಲ್ಲದ ಊರು

ರೌಟರಿನ ಮೂಲಪುರುಷ ಹುಟ್ಟಿದ್ದು 1969ರಲ್ಲಿ, ಅಮೇರಿಕದಲ್ಲಿ. ದೂರ ದೂರದ ವಿಶ್ವವಿದ್ಯಾಲಯಗಳ ಗಣಕಯಂತ್ರಗಳನ್ನು ತಂತಿಯಿಂದ ಕೂಡಿಸಬೇಕೆಂದು ಅಲ್ಲಿಯ ರಕ್ಷಣಾ ಇಲಾಖೆ ಹಣ ಕೊಟ್ಟಿತು. ಒಂದು ಯಂತ್ರದ ಮಾತನ್ನು ತುಂಡು ತುಂಡಾಗಿ ತೆಗೆದುಕೊಂಡು, ಪ್ರತಿ ತುಂಡಿನ ಮೇಲಿನ ವಿಳಾಸ ನೋಡಿ ಮುಂದಕ್ಕೆ ಸಾಗಿಸುವ ಮಧ್ಯಸ್ಥ ಯಂತ್ರವೊಂದು ಬೇಕಾಯಿತು. ಬಾಸ್ಟನ್ನಿನ ಬಳಿಯ ಬೋಲ್ಟ್ ಬೆರಾನೆಕ್ ಅಂಡ್ ನ್ಯೂಮನ್ ಎಂಬ ಸಂಸ್ಥೆ ಅದನ್ನು ಕಟ್ಟಿಕೊಟ್ಟಿತು. ಆಳೆತ್ತರದ ಕಬ್ಬಿಣದ ಕಪಾಟಿನಂಥ ಆ ಯಂತ್ರವೇ ಇಂದಿನ ಅಂಗೈಯಗಲದ ಪೆಟ್ಟಿಗೆಯ ಪೂರ್ವಜ. 1969ರ ಅಕ್ಟೋಬರ್ 29ರಂದು ಲಾಸ್ ಏಂಜಲೀಸಿನಿಂದ ‘ಲಾಗಿನ್’ ಎಂಬ ಪದವನ್ನು ಕಳಿಸಹೋದಾಗ ಮೊದಲಿನ ಎರಡಕ್ಷರ ತಲುಪುವಷ್ಟರಲ್ಲಿಯೇ ಆಚೆಯ ಯಂತ್ರ ಕುಸಿದು ಕುಳಿತಿತು. ಆ ವರ್ಷದ ಕೊನೆಗೆ ಈ ಜಾಲದಲ್ಲಿದ್ದ ಊರುಗಳು ನಾಲ್ಕೇ ನಾಲ್ಕು.

ಅದೇ 1969ರಲ್ಲಿ ನಮ್ಮ ಹುಕ್ಕೇರಿಯಲ್ಲಿಯೂ ಒಂದು ಜಾಲ ಹುಟ್ಟಿತೆಂಬುದನ್ನು ಇಲ್ಲಿ ನೆನೆಯಬೇಕು. ಹಳ್ಳಿಗಳಿಗೆ ವಿದ್ಯುತ್ತು ಹಂಚುವುದಕ್ಕಾಗಿ ದೇಶದಲ್ಲಿ ಪ್ರಯೋಗಾರ್ಥವಾಗಿ ಆರಿಸಿಕೊಂಡ ಕೆಲವೇ ಸಹಕಾರ ಸಂಘಗಳಲ್ಲಿ ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರ ಸಂಘವೂ ಒಂದು. ಅಮೇರಿಕದ ಜಾಲ ಮಾತನ್ನು ಹಂಚಿತು, ಹುಕ್ಕೇರಿಯದು ಬೆಳಕನ್ನು ಹಂಚಿತು. ವಿದ್ಯುತ್ತು ಹೊಸದಾಗಿ ಮನೆಗೆ ಬಂದಾಗ ಅದರೊಡನೆ ಭಯವೂ ಬಂದಿತು, ಭಯದೊಡನೆ ಕ್ರಮವೂ ಬಂದಿತು. ಹೊಸ್ತಿಲ ಬಳಿ ಮೀಟರು, ಮೀಟರಿನ ಪಕ್ಕದಲ್ಲಿ ಫ್ಯೂಜು. ಕಂಬ ಹತ್ತುವವನು ಬೇರೆ, ಮನೆಯ ತಂತಿ ಎಳೆಯುವವನು ಬೇರೆ. ಒದ್ದೆ ಕೈಯಿಂದ ಗುಂಡಿ ಒತ್ತಬಾರದೆಂದು ಮೂರು ವರುಷದ ಕೂಸಿಗೂ ಗೊತ್ತು. ಏನಾದರೂ ಆದರೆ ಕೇಳುವುದಕ್ಕೆ ಸಂಘದ ಕಚೇರಿ ಇತ್ತು, ಲೈನ್‌ಮನ್ ಇದ್ದನು. ಮಾತಿನ ಜಾಲಕ್ಕೆ ಇಂಥ ಕ್ರಮ ಮೊದಲಿಗೆ ಒದಗಲಿಲ್ಲ. ಅದಕ್ಕೆ ಕಾರಣವೂ ಉಂಟು. ಅದರೊಳಗಿದ್ದವರೆಲ್ಲ ಪರಸ್ಪರ ಪರಿಚಿತರು, ವಿದ್ವಾಂಸರು. ಇವನು ಅವನ ಶಿಷ್ಯ, ಅವನು ಇವನ ಸಹಪಾಠಿ. ಇಂಥವರ ಊರಿಗೆ ಅಗಸಿ ಏತಕ್ಕೆ? ತೂಬು ಇದ್ದರೆ ಸಾಕು. ಹೀಗೆ ಕದವಿಲ್ಲದೆಯೇ ಆ ಊರು ಬೆಳೆಯಿತು.

ಹತ್ತೊಂಬತ್ತು ವರ್ಷ ಹೀಗೆಯೇ ನಡೆಯಿತು. 1988ರ ನವೆಂಬರ್ 2ರಂದು ರಾಬರ್ಟ್ ಮಾರಿಸ್ ಎಂಬ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಒಂದು ಸಣ್ಣ ಕಾರ್ಯಕ್ರಮವನ್ನು ಬರೆದು ಜಾಲದಲ್ಲಿ ಹರಿಯಬಿಟ್ಟನು. ಅದು ಯಂತ್ರದಿಂದ ಯಂತ್ರಕ್ಕೆ ತಾನೇ ನಕಲಾಗುತ್ತ ಹೋಯಿತು. ಕೆಲವೆಡೆ ತಂತ್ರಾಂಶದ ಲೋಪವನ್ನು ಹಿಡಿದು ನುಗ್ಗಿತು. ಕೆಲವೆಡೆ ಜನ ಇಟ್ಟುಕೊಂಡಿದ್ದ ಸುಲಭದ ಪಾಸ್‌ವರ್ಡುಗಳನ್ನು ಊಹಿಸಿಯೇ ಒಳಹೊಕ್ಕಿತು. ಆಗ ಜಾಲದಲ್ಲಿದ್ದವು ಸುಮಾರು 60,000 ಯಂತ್ರಗಳೆಂದೂ ಅವುಗಳಲ್ಲಿ ಸುಮಾರು 6,000 ಈ ಹುಳಕ್ಕೆ ತುತ್ತಾದವೆಂದೂ ಅಂದಾಜು. ನ್ಯಾಯಾಲಯ ಅವನಿಗೆ ದಂಡವನ್ನೂ 400 ಗಂಟೆಗಳ ಸಮಾಜಸೇವೆಯನ್ನೂ ವಿಧಿಸಿತು. ಆ ಪೆಟ್ಟಿನಿಂದ ಎಚ್ಚತ್ತ ಅಮೇರಿಕನ್ನರು ಅದೇ ತಿಂಗಳಲ್ಲಿ ಇಂಥ ಅಪಾಯಗಳನ್ನು ಎದುರಿಸುವ ಒಂದು ತುರ್ತು ಕೇಂದ್ರವನ್ನು ಸ್ಥಾಪಿಸಿದರು. ಫೈರ್‌ವಾಲ್ ಎಂಬ ಮಾತು ಬಳಕೆಗೆ ಬಂದದ್ದೂ ಸುಮಾರು ಆ ಕಾಲದಲ್ಲಿಯೇ. ಒಂದು ಮನೆಗೆ ಬಿದ್ದ ಬೆಂಕಿ ಪಕ್ಕದ ಮನೆಗೆ ಹಬ್ಬದಂತೆ ನಡುವೆ ಎಬ್ಬಿಸುವ ಗೋಡೆಗೆ ಆ ಹೆಸರು; ಅದನ್ನೇ ಯಂತ್ರಜಾಲದ ಕಾವಲಿಗೂ ಇಟ್ಟರು. ಆದರೆ ಆ ಗೋಡೆ ಎದ್ದುದು ದೊಡ್ಡ ಕಂಪನಿಗಳ, ವಿಶ್ವವಿದ್ಯಾಲಯಗಳ ಸುತ್ತ. ಮನೆಗಳ ಮಾತು ಇನ್ನೂ ಹುಟ್ಟಿರಲಿಲ್ಲ.

ಬಯಸದೆ ಬಂದ ಕಾವಲು

ಮನೆಯ ಪೆಟ್ಟಿಗೆಗೆ ಅಗಸಿಯ ಗುಣ ಬಂದುದು ಒಂದು ವಿಚಿತ್ರ ರೀತಿಯಲ್ಲಿ. ಜಾಲದಲ್ಲಿರುವ ಪ್ರತಿಯೊಂದು ಯಂತ್ರಕ್ಕೂ ಒಂದು ವಿಳಾಸ ಬೇಕು. ಮೊದಲು ಏರ್ಪಡಿಸಿದ ಪದ್ಧತಿಯಲ್ಲಿ ಒಟ್ಟು ಸುಮಾರು 430 ಕೋಟಿ ವಿಳಾಸಗಳಿಗೆ ಮಾತ್ರ ಅವಕಾಶವಿದ್ದಿತು. ಇವು ಸಾಲುವುದಿಲ್ಲವೆಂಬುದು 1990ರ ಸುಮಾರಿಗೆ ಸ್ಪಷ್ಟವಾಯಿತು. ಆಗ ಹೊಳೆದ ಉಪಾಯವೊಂದನ್ನು 1994ರ ಮೇ ತಿಂಗಳಲ್ಲಿ ಇಬ್ಬರು ತಂತ್ರಜ್ಞರು ಬರೆದು ಪ್ರಕಟಿಸಿದರು.

ಅದನ್ನು ನಮ್ಮ ಅವಿಭಕ್ತ ಕುಟುಂಬದ ಟಪಾಲಿಗೆ ಹೋಲಿಸಿದರೆ ಬೇಗ ತಿಳಿದೀತು. ಮನೆಯಲ್ಲಿ ಇಪ್ಪತ್ತು ಜನರಿದ್ದರೂ ಹೊರಗಿನವರಿಗೆ ಗೊತ್ತಿರುವುದು ಹಿರಿಯರ ಹೆಸರೊಂದೇ. ಒಳಗಿನ ಯಾರೇ ಕಾಗದ ಬರೆಯಲಿ, ಅದು ಹಿರಿಯರ ಹೆಸರಿನಲ್ಲಿ ಹೋಗುತ್ತದೆ. ಉತ್ತರವೂ ಅವರ ಹೆಸರಿಗೇ ಬರುತ್ತದೆ. ಯಾರ ಕಾಗದಕ್ಕೆ ಬಂದ ಉತ್ತರವಿದು ಎಂಬುದನ್ನು ನೆನಪಿಟ್ಟುಕೊಂಡು ಹಿರಿಯರು ಅವರವರಿಗೆ ಕೊಡುತ್ತಾರೆ. ಮನೆಯ ರೌಟರು ಮಾಡುವುದು ಇದನ್ನೇ. ಇದರಿಂದ ವಿಳಾಸದ ಬರ ಸ್ವಲ್ಪ ನೀಗಿತು. ಜೊತೆಗೆ ಯಾರೂ ಅಷ್ಟಾಗಿ ಉದ್ದೇಶಿಸದಿದ್ದ ಇನ್ನೊಂದು ಲಾಭವಾಯಿತು. ಒಳಗಿನ ಯಾರೂ ಬರೆಯದ ಕಾಗದಕ್ಕೆ ಹೊರಗಿನಿಂದ ಉತ್ತರ ಬಂದರೆ ಅದನ್ನು ಯಾರಿಗೆ ಕೊಡುವುದು? ಪೆಟ್ಟಿಗೆ ಅದನ್ನು ಹೊಸ್ತಿಲಲ್ಲಿಯೇ ಬಿಸುಡುತ್ತದೆ. ಕರೆಯದೆ ಬಂದವನಿಗೆ ಮನೆಯೊಳಗೆ ದಾರಿಯಿಲ್ಲ. ನೀರು ಹಂಚಲು ಬಂದ ತೂಬು ಹೀಗೆ ಆಕಸ್ಮಿಕವಾಗಿ ಅಗಸಿಯಾಯಿತು.

ಆದರೆ ಒಳಗಿನವರನ್ನು ಮರೆಮಾಡಿದ ಆ ಹಿರಿಯ ತಾನು ಮಾತ್ರ ಬೀದಿಗೆ ಮುಖಮಾಡಿಯೇ ಕುಳಿತಿದ್ದಾನೆ. ಅವನನ್ನೇ ಒಲಿಸಿಕೊಂಡರೆ? ಮುಂದಿನ ಕತೆಯೆಲ್ಲ ಈ ಪ್ರಶ್ನೆಯಿಂದಲೇ ಬೆಳೆಯಿತು.

ಭಾರತದಲ್ಲಿ ಸಾಮಾನ್ಯ ಜನರಿಗೆ ಇಂಟರ್ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಆಗಿನದು ದೂರವಾಣಿಯ ಕರೆ ಮಾಡಿ ಸಂಪರ್ಕ ಪಡೆಯುವ ಕಾಲ. ಕೀಚಲು ದನಿ ಮಾಡಿ ತಂತಿ ಕೂಡಿಕೊಳ್ಳುತ್ತಿದ್ದಿತು. ಕೆಲಸ ಮುಗಿದು ಕರೆ ಕಡಿದರೆ ಕದ ಮುಚ್ಚಿದಂತೆಯೇ. ಬಿಲ್ಲಿನ ಭಯವೇ ನಮಗೆ ತಳವಾರನಾಗಿದ್ದಿತು. 2005ರಲ್ಲಿ ಭಾರತ ಸಂಚಾರ ನಿಗಮ ಬ್ರಾಡ್‌ಬ್ಯಾಂಡ್ ಸೇವೆಯನ್ನು ಆರಂಭಿಸಿದ ಮೇಲೆ ಪರಿಸ್ಥಿತಿ ಬದಲಾಯಿತು. ಕಡಿಮೆ ದರ, ಹೆಚ್ಚು ವೇಗ, ಎಲ್ಲಕ್ಕಿಂತ ಮೇಲಾಗಿ ಹಗಲಿರುಳೂ ಇರುವ ಸಂಪರ್ಕ. ತಾಲೂಕಿನ ಊರುಗಳಿಗೂ ಅದು ಬಂದಿತು. ನಿಗಮದ ಸೇವೆ ನಾಡಿಗೆ ಮಾಡಿದ ಉಪಕಾರ ಸಣ್ಣದಲ್ಲ. ಆದರೆ ಹಗಲಿರುಳೂ ತೆರೆದ ತೂಬೆಂದರೆ ಹಗಲಿರುಳೂ ತೆರೆದ ಅಗಸಿ ಎಂಬುದು ಯಾರಿಗೂ ಹೊಳೆಯಲಿಲ್ಲ. ಆ ಪೆಟ್ಟಿಗೆಗಳು ಕಾರ್ಖಾನೆಯಿಂದ ಬರುವಾಗ ಒಂದೇ ಕೀಲಿಕೈಯನ್ನು ಹೊತ್ತು ಬರುತ್ತಿದ್ದವು. ಹೆಸರು ‘ಅಡ್ಮಿನ್’, ಪಾಸ್‌ವರ್ಡೂ ‘ಅಡ್ಮಿನ್’. ಊರಿನ ಎಲ್ಲ ಮನೆಗಳಿಗೂ ಒಂದೇ ಕೀಲಿಕೈ, ಆ ಕೀಲಿಕೈಯ ಚಿತ್ರವನ್ನು ಪುಸ್ತಕದಲ್ಲಿ ಅಚ್ಚು ಹಾಕಿಸಿ ಹಂಚಿದ್ದಾರೆ ಎಂದು ಊಹಿಸಿಕೊಂಡರೆ ಸ್ಥಿತಿಯ ಕಲ್ಪನೆ ಬಂದೀತು.

ಗಾಳಿಯಲ್ಲಿ ತೆರೆದ ಬಾಗಿಲು

ತಂತಿಯ ಜೊತೆಗೆ ವೈ-ಫೈ ಬಂದಾಗ ಮನೆಗೆ ಇನ್ನೊಂದು ಬಾಗಿಲು ಸೇರಿತು, ಅದೂ ಗಾಳಿಯಲ್ಲಿ. ಗೋಡೆ ದಾಟಿ ಬೀದಿಗೆ ಹೋಗುವ ಈ ಅಲೆಗಳನ್ನು ಗುಟ್ಟಾಗಿಡಲು ಮೊದಲು ಮಾಡಿದ ಬೀಗ 2001ರಲ್ಲಿಯೇ ದುರ್ಬಲವೆಂದು ಸಿದ್ಧವಾಯಿತು. 2003ರಲ್ಲಿ ಒಂದು, 2004ರಲ್ಲಿ ಇನ್ನೊಂದು, 2018ರಲ್ಲಿ ಮತ್ತೊಂದು ಹೀಗೆ ಹೊಸ ಬೀಗಗಳು ಬಂದವು. ಬೀಗದವನೂ ಕಳ್ಳನೂ ಒಬ್ಬರನ್ನೊಬ್ಬರು ಬೆನ್ನಟ್ಟುವುದು ಹೊಸ ಮಾತೇನೂ ಅಲ್ಲ.

ಆದರೆ ಬೀಗವೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲಿಯೇ ಒಂದು ದಾರುಣ ಉದಾಹರಣೆ ಉಂಟು. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಬಾಂಬುಗಳು ಸಿಡಿದು ಹಲವರು ಪ್ರಾಣ ಕಳೆದುಕೊಂಡರು. ಸ್ಫೋಟಕ್ಕೆ ಕೆಲವೇ ನಿಮಿಷ ಮೊದಲು ಸುದ್ದಿಸಂಸ್ಥೆಗಳಿಗೆ ಬೆದರಿಕೆಯ ಇ-ಮೇಲ್ ಹೋಗಿದ್ದಿತು. ಪೊಲೀಸರು ಅದರ ಜಾಡು ಹಿಡಿದು ಹೊರಟರೆ ಅದು ನವಿ ಮುಂಬಯಿಯ ಒಂದು ಮನೆಗೆ ಮುಟ್ಟಿತು. ಆ ಮನೆಯವರಿಗೂ ಪಾತಕಕ್ಕೂ ಸಂಬಂಧವಿರಲಿಲ್ಲ. ಅವರ ವೈ-ಫೈಗೆ ಸರಿಯಾದ ಬೀಗವಿಲ್ಲದ್ದರಿಂದ ಹೊರಗಿನ ಯಾರೋ ಅದನ್ನು ಬಳಸಿಕೊಂಡಿದ್ದರು. ಮನೆಯವರು ತನಿಖೆಯ ಸಂಕಟವನ್ನೆಲ್ಲ ಅನುಭವಿಸಬೇಕಾಯಿತು. ಮರುವರ್ಷ ಕೇಂದ್ರದ ದೂರಸಂಪರ್ಕ ಇಲಾಖೆ ವೈ-ಫೈ ಸಂಪರ್ಕಗಳನ್ನು ಭದ್ರಗೊಳಿಸಬೇಕೆಂದು ಸೇವೆ ಒದಗಿಸುವವರಿಗೆ ಸೂಚನೆ ಕಳಿಸಿತು.

ಸುಲಭಗೊಳಿಸುವ ಆತುರದಲ್ಲಿ ತಯಾರಕರೇ ಮಾಡಿದ ಅಪಚಾರವೂ ಒಂದುಂಟು. ಉದ್ದದ ಪಾಸ್‌ವರ್ಡು ಬರೆಯಲು ಜನರಿಗೆ ಬೇಸರವೆಂದು ಎಂಟು ಅಂಕಿಗಳ ಒಂದು ಸಂಖ್ಯೆಯಿಂದಲೇ ಕೂಡಿಕೊಳ್ಳುವ ಅನುಕೂಲವನ್ನು ಪೆಟ್ಟಿಗೆಗಳಲ್ಲಿ ಇಟ್ಟರು, ಅದಕ್ಕೆ ಡಬ್ಲ್ಯು.ಪಿ.ಎಸ್. ಎಂದು ಹೆಸರು. ಎಂಟು ಅಂಕಿಯೆಂದರೆ ಹತ್ತು ಕೋಟಿ ಸಾಧ್ಯತೆಗಳು. ಊಹಿಸಿ ತೆಗೆಯುವುದು ಕಷ್ಟ. ಆದರೆ ಪೆಟ್ಟಿಗೆ ಆ ಸಂಖ್ಯೆಯ ಮೊದಲರ್ಧ ಸರಿಯೋ ತಪ್ಪೋ ಎಂಬುದನ್ನು ಬೇರೆಯಾಗಿ ಹೇಳಿಬಿಡುತ್ತಿದ್ದಿತು; ಕೊನೆಯ ಅಂಕಿ ಉಳಿದವುಗಳಿಂದ ಲೆಕ್ಕ ಹಾಕಿ ಪಡೆದದ್ದು. ಹೀಗಾಗಿ ಮೊದಲರ್ಧಕ್ಕೆ 10,000, ಎರಡನೆಯದಕ್ಕೆ 1,000, ಒಟ್ಟು 11,000 ಬಾರಿ ಪ್ರಯತ್ನಿಸಿದರೆ ಬಾಗಿಲು ತೆರೆಯುತ್ತದೆಂದು 2011ರ ಡಿಸೆಂಬರಿನಲ್ಲಿ ಒಬ್ಬ ಸಂಶೋಧಕ ತೋರಿಸಿಕೊಟ್ಟನು. ಮನುಷ್ಯನಿಗೆ ಹನ್ನೊಂದು ಸಾವಿರ ದೊಡ್ಡದು. ಯಂತ್ರಕ್ಕೆ ಅದು ಕೆಲವು ಗಂಟೆಗಳ ಕೆಲಸ.

ಕರ್ನಾಟಕದ ಜುಲೈ

2016ರಲ್ಲಿ ಮೂವರು ಅಮೇರಿಕನ್ ತರುಣರು ‘ಮಿರಾಯ್’ ಎಂಬ ಕಾರ್ಯಕ್ರಮವನ್ನು ಬರೆದರು. ಅದರ ವಿದ್ಯೆ ಬಲು ಸರಳ. ಜಾಲದ ವಿಳಾಸಗಳನ್ನು ಒಂದೊಂದಾಗಿ ತಟ್ಟುವುದು. ಕದ ತೆರೆದು ಮಾತನಾಡಿಸಿದ ಪೆಟ್ಟಿಗೆಗೆ ತನ್ನಲ್ಲಿರುವ ಅರುವತ್ತೆರಡು ಜೋಡಿ ಹೆಸರು-ಪಾಸ್‌ವರ್ಡುಗಳಿಂದ ಆರಿಸಿ ಹೇಳಿ ನೋಡುವುದು. ‘ಅಡ್ಮಿನ್’, ‘ರೂಟ್’, ‘12345’, ಇಂಥವೇ ಆ ಪಟ್ಟಿಯಲ್ಲಿದ್ದವು. ಇಷ್ಟರಿಂದಲೇ ಲಕ್ಷಗಟ್ಟಲೆ ರೌಟರುಗಳೂ ಕ್ಯಾಮೆರಾಗಳೂ ಅವರ ವಶವಾದುವು. ವಶವಾದ ಪೆಟ್ಟಿಗೆಗಳೆಲ್ಲ ಒಟ್ಟಿಗೆ ಒಂದೇ ಗುರಿಯ ಮೇಲೆ ಬೇಡದ ಕೋರಿಕೆಗಳ ಮಳೆ ಸುರಿಸಿದರೆ ಆ ಗುರಿ ಮುಳುಗಿಹೋಗುತ್ತದೆ. ಅವರು ಕಾರ್ಯಕ್ರಮವನ್ನು ಬಹಿರಂಗಪಡಿಸಿದ ಮೇಲೆ ಅದು ಇತರರ ಕೈಗೂ ಸಿಕ್ಕಿತು. 2016ರ ಅಕ್ಟೋಬರ್ 21ರಂದು ಡಿನ್ ಎಂಬ ಸಂಸ್ಥೆಯ ಮೇಲೆ ಹೀಗೆ ದಾಳಿ ನಡೆದು ಅಮೇರಿಕದ ಎಷ್ಟೋ ಪ್ರಸಿದ್ಧ ತಾಣಗಳು ಗಂಟೆಗಟ್ಟಲೆ ಕಾಣದಾದುವು. ಮುಂದಿನ ತಿಂಗಳು ಜರ್ಮನಿಯಲ್ಲಿ ಸುಮಾರು 9 ಲಕ್ಷ ಮನೆಗಳ ರೌಟರುಗಳು ಇದರ ಇನ್ನೊಂದು ರೂಪದ ದಾಳಿಯಿಂದ ತತ್ತರಿಸಿದುವು.

ಇದೆಲ್ಲ ದೂರದ ಸುದ್ದಿ ಎಂದು ನಾವು ಸುಮ್ಮನಿದ್ದೆವು. 2017ರ ಜುಲೈ ಕೊನೆಯ ವಾರದಲ್ಲಿ ಅದು ನಮ್ಮ ಮನೆಗೇ ಬಂದಿತು. ಕರ್ನಾಟಕವೂ ಸೇರಿ ದೇಶದ ಹಲವೆಡೆ ಭಾರತ ಸಂಚಾರ ನಿಗಮದ ಬ್ರಾಡ್‌ಬ್ಯಾಂಡ್ ಗ್ರಾಹಕರ ಮೋಡೆಮ್‌ಗಳು ಇದ್ದಕ್ಕಿದ್ದಂತೆ ಕೆಲಸ ನಿಲ್ಲಿಸಿದುವು. ಪತ್ರಿಕೆಗಳಲ್ಲಿ ಬಂದ ಸಂಖ್ಯೆ ಸುಮಾರು 60,000. ಹಾನಿಯಾದುದು ಸುಮಾರು 2,000 ಮೋಡೆಮ್‌ಗಳಿಗೆಂದು ನಿಗಮದ ಅಧ್ಯಕ್ಷರು ಹೇಳಿದರು. ಸಂಖ್ಯೆಯಲ್ಲಿ ಭೇದವಿದ್ದರೂ ಕಾರಣದಲ್ಲಿ ಭೇದವಿರಲಿಲ್ಲ. ಕೆಟ್ಟವುಗಳು ಯಾವುವೆಂದರೆ ಕಾರ್ಖಾನೆಯಿಂದ ಬಂದ ‘ಅಡ್ಮಿನ್’ ಎಂಬ ಪಾಸ್‌ವರ್ಡನ್ನು ಬದಲಾಯಿಸದೆ ಇಟ್ಟಿದ್ದವು. ನಿಗಮದ ಮುಖ್ಯ ಜಾಲಕ್ಕೆ ಏನೂ ಆಗಿರಲಿಲ್ಲ. ಗ್ರಾಹಕರು ಕೂಡಲೆ ಪಾಸ್‌ವರ್ಡು ಬದಲಾಯಿಸಿಕೊಳ್ಳಬೇಕೆಂದು ಪ್ರಕಟಣೆ ಹೊರಟಿತು.

ದಾಳಿ ಮಾಡಿದುದು ‘ಬ್ರಿಕರ್‌ಬಾಟ್’ ಎಂಬ ಕಾರ್ಯಕ್ರಮ. ಬ್ರಿಕ್ ಎಂದರೆ ಇಟ್ಟಿಗೆ. ಹೊಕ್ಕ ಯಂತ್ರವನ್ನು ಇಟ್ಟಿಗೆಯಂತೆ ನಿರುಪಯುಕ್ತ ಮಾಡುವುದೇ ಅದರ ಕೆಲಸವಾದ್ದರಿಂದ ಆ ಹೆಸರು. ಅದನ್ನು ಬರೆದವನು ತನ್ನ ನಿಜನಾಮವನ್ನು ಹೇಳದೆ ‘ಝಾಡಮಾಲಿ’ ಎಂಬರ್ಥದ ಒಂದು ಅಡ್ಡಹೆಸರನ್ನು ಇಟ್ಟುಕೊಂಡಿದ್ದನು. ಭಾರತದ ಈ ದಾಳಿಯೂ ತನ್ನದೇ ಎಂದು ಹೇಳಿಕೊಂಡನು. ಅವನ ವಾದ ಕೇಳತಕ್ಕದ್ದಾಗಿದೆ. ಬೀಗವಿಲ್ಲದ ಪೆಟ್ಟಿಗೆಗಳು ಮಿರಾಯ್‌ನಂಥವಕ್ಕೆ ಸೈನಿಕರಾಗಿ ಜಗತ್ತಿಗೆ ಪೀಡೆಯಾಗುತ್ತವೆ. ಕಂಪನಿಗಳು ಕೇಳುವುದಿಲ್ಲ, ಮನೆಯವರಿಗೆ ತಿಳಿಯುವುದಿಲ್ಲ. ಆದುದರಿಂದ ಅವುಗಳನ್ನು ತಾನೇ ಕೆಡಿಸಿ ಗುಡಿಸಿಹಾಕುತ್ತೇನೆ ಎಂದು. ಕದವಿಲ್ಲದ ಮನೆ ಕಳ್ಳರಿಗೆ ಅಡ್ಡೆಯಾದೀತೆಂದು ಮನೆಗೇ ಬೆಂಕಿಯಿಟ್ಟವನ ನ್ಯಾಯವಿದು. ಈ ನ್ಯಾಯವನ್ನು ಒಪ್ಪುವುದು ಸಾಧ್ಯವಿಲ್ಲ. ಸಂಪರ್ಕ ಕಡಿದುಹೋದ ಅಂಗಡಿಯವನ ವ್ಯಾಪಾರಕ್ಕೆ, ಅರ್ಜಿ ತುಂಬಬೇಕಾಗಿದ್ದ ವಿದ್ಯಾರ್ಥಿಯ ಗಡುವಿಗೆ ಅವನು ಉತ್ತರ ಹೇಳಬೇಕಾಗಿರಲಿಲ್ಲ. ಆದರೆ ಅವನು ಎತ್ತಿದ ಮೂಲಪ್ರಶ್ನೆ ಮಾತ್ರ ಸುಳ್ಳಲ್ಲ. ನಮ್ಮ ಅಗಸಿಗೆ ಕಾವಲಿಲ್ಲವೆಂಬುದನ್ನು ನಮಗೆ ತಿಳಿಸಲು ಊರಿಗೆ ಬೆಂಕಿ ಬೀಳಬೇಕಾಯಿತು.

ತಪ್ಪು ಯಾರದು?

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ವಿಚಾರಿಸಬೇಕು. ಪಾಸ್‌ವರ್ಡು ಬದಲಾಯಿಸದ ಗ್ರಾಹಕನನ್ನು ದೂರುವುದು ಸುಲಭ. ಆದರೆ ಅವನಿಗೆ ಬದಲಾಯಿಸಬೇಕೆಂದು ಹೇಳಿದವರು ಯಾರು? ಪೆಟ್ಟಿಗೆ ಹಚ್ಚಲು ಬಂದವನು ದೀಪ ಹಸಿರಾದೊಡನೆ ಸಹಿ ಮಾಡಿಸಿಕೊಂಡು ಹೋದನು. ಬೀಗ ಮಾರುವವನು ಎಲ್ಲ ಬೀಗಗಳಿಗೂ ಒಂದೇ ಕೀಲಿಕೈ ಕೊಟ್ಟರೆ ಬೀಗ ಒಡೆದಾಗ ಕೊಂಡವನನ್ನು ದೂರುವುದು ಧರ್ಮವಲ್ಲ. ಮೊದಲ ಹೊಣೆ ತಯಾರಕನದು, ಎರಡನೆಯದು ಸೇವೆ ಮಾರುವವನದು. ಇದನ್ನು ಕೆಲವು ದೇಶಗಳ ಕಾನೂನುಗಳು ಈಗ ಒಪ್ಪಿಕೊಂಡಿವೆ. ಕ್ಯಾಲಿಫೋರ್ನಿಯದಲ್ಲಿ 2020ರ ಜನವರಿಯಿಂದ ಪ್ರತಿಯೊಂದು ಯಂತ್ರಕ್ಕೂ ಬೇರೆ ಬೇರೆ ಪಾಸ್‌ವರ್ಡು ಇರಬೇಕು, ಇಲ್ಲವೆ ಮೊದಲ ಬಳಕೆಯಲ್ಲಿಯೇ ಅದನ್ನು ಬದಲಾಯಿಸುವಂತೆ ಯಂತ್ರ ಒತ್ತಾಯಿಸಬೇಕು. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಸಾಮಾನ್ಯ ಕೀಲಿಕೈಯ ಯಂತ್ರಗಳನ್ನು ಮಾರುವುದೇ ಅಪರಾಧ. ಎಷ್ಟು ಕಾಲ ಯಂತ್ರಕ್ಕೆ ರಕ್ಷಣೆಯ ತಿದ್ದುಪಡಿ ಒದಗಿಸುವೆವೆಂಬುದನ್ನೂ ತಯಾರಕನು ಹೇಳಬೇಕು.

ಎರಡನೆಯ ಮಾತು ಭಾಷೆಯದು. ಗೋಕಾಕ ಎಂಬ ಹೆಸರು ಕೇಳಿದೊಡನೆ ನಾಡಿನವರಿಗೆ ನೆನಪಾಗುವುದು ಕನ್ನಡದ ಚಳವಳಿ. ವಿನಾಯಕ ಕೃಷ್ಣ ಗೋಕಾಕರ ಸಮಿತಿ 1981ರಲ್ಲಿ ವರದಿ ಕೊಟ್ಟಿತು. ಅದರ ಜಾರಿಗಾಗಿ 1982ರಲ್ಲಿ ನಾಡೇ ಬೀದಿಗಿಳಿಯಿತು. ಶಾಲೆಯಲ್ಲಿ ಕನ್ನಡಕ್ಕೆ ಪ್ರಥಮ ಸ್ಥಾನ ಬೇಕೆಂದು ಅಂದು ಕೇಳಿದವರು ಇಂದು ಮನೆಯ ಪೆಟ್ಟಿಗೆಯ ಒಳಪುಟವನ್ನು ತೆರೆದರೆ ಅಲ್ಲಿ ಸಾಮಾನ್ಯವಾಗಿ ಕಾಣುವುದು ಇಂಗ್ಲಿಷ್. ಅದೂ ಇಂಗ್ಲಿಷ್ ಓದಿದವರಿಗೂ ತಿಳಿಯದ ಪರಿಭಾಷೆ. ಅರ್ಥವಾಗದ ಎಚ್ಚರಿಕೆ ಎಚ್ಚರಿಕೆಯೇ ಅಲ್ಲ. ಒದ್ದೆ ಕೈಯಿಂದ ಗುಂಡಿ ಒತ್ತಬೇಡ ಎಂಬ ಪಾಠ ಹಳ್ಳಿಯ ಕೂಸಿಗೂ ಮುಟ್ಟಿದುದು ಅದು ತಾಯಿಯ ಮಾತಿನಲ್ಲಿ ಬಂದುದರಿಂದ. ಅಂಥ ಒಂದು ಪುಟದ ಕನ್ನಡ ಚೀಟಿಯನ್ನು ಪ್ರತಿ ಪೆಟ್ಟಿಗೆಯೊಡನೆ ಕೊಡುವುದು ಕಷ್ಟದ ಕೆಲಸವಲ್ಲ. ಗ್ರಾಹಕರು ಕೇಳಿ ಪಡೆಯಬೇಕು.

ತಳವಾರಿಕೆಯ ಕೆಲಸ

ಅದು ಬರುವವರೆಗೆ ಮನೆಯ ಯಜಮಾನನೋ ಯಜಮಾನಿಯೋ ಮಾಡಬೇಕಾದುದೇನು? ಮೊದಲು ತಿಳಿಯಬೇಕಾದುದೆಂದರೆ ಈ ಪೆಟ್ಟಿಗೆಗೆ ಕೀಲಿಕೈಗಳು ಎರಡು. ಮನೆಗೆ ಬಂದ ನೆಂಟರು ಕೇಳುವುದು ವೈ-ಫೈಯ ಪಾಸ್‌ವರ್ಡನ್ನು. ಅದು ಒಳಗೆ ಬರುವ ಬಾಗಿಲಿನದು. ಪೆಟ್ಟಿಗೆಯನ್ನೇ ಆಳುವ ಪಾಸ್‌ವರ್ಡು ಬೇರೆ. ಅದು ತಿಜೋರಿಯ ಕೀಲಿಕೈ. 2017ರಲ್ಲಿ ಕರ್ನಾಟಕದ ಮನೆಗಳಿಗೆ ಮುಳುವಾದುದು ಈ ಎರಡನೆಯದು. ವೈ-ಫೈಗೆ ಗಟ್ಟಿ ಪಾಸ್‌ವರ್ಡಿಟ್ಟು ನಿಶ್ಚಿಂತರಾಗಿದ್ದವರೂ ಇದನ್ನು ‘ಅಡ್ಮಿನ್’ ಎಂದೇ ಬಿಟ್ಟಿದ್ದರೆ ದಾಳಿಗೆ ತೆರೆದೇ ಇದ್ದರು. ಪೆಟ್ಟಿಗೆಯ ಬೆನ್ನ ಮೇಲಿನ ಚೀಟಿಯಲ್ಲಿ ಬರೆದಿರುವ 192.168.1.1ರಂಥ ವಿಳಾಸವನ್ನು ಮನೆಯ ಕಂಪ್ಯೂಟರಿನಲ್ಲಿಯೋ ಫೋನಿನಲ್ಲಿಯೋ ತೆರೆದರೆ ಅದರ ಒಳಪುಟ ಕಾಣುತ್ತದೆ, ಬದಲಾವಣೆ ಅಲ್ಲಿಯೇ. ಎರಡಕ್ಕೂ ಬೇರೆ ಬೇರೆ, ಉದ್ದವಾದ ಪಾಸ್‌ವರ್ಡು ಇರಬೇಕು. ನಾಲ್ಕಾರು ಸಂಬಂಧವಿಲ್ಲದ ಶಬ್ದಗಳನ್ನು ಪೋಣಿಸಿದರೆ ಅದು ನೆನಪಿಗೂ ನಿಲ್ಲುತ್ತದೆ, ಊಹೆಗೂ ನಿಲುಕುವುದಿಲ್ಲ. ಮಗಳ ಹೆಸರು, ಹುಟ್ಟಿದ ವರ್ಷ, ಮೊಬೈಲಿನ ಸಂಖ್ಯೆ ಬೇಡ.

ಮುಂದೆ, ಹೊರಗಿನಿಂದಲೇ ಪೆಟ್ಟಿಗೆಯನ್ನು ಆಳುವ ಅವಕಾಶವಿದ್ದರೆ ಅದನ್ನು ಮುಚ್ಚಬೇಕು. ದೂರದಿಂದ ದುರಸ್ತಿ ಮಾಡಲು ಸೇವೆಯ ಕಂಪನಿಗಳು ಇಟ್ಟುಕೊಂಡ ಹಿತ್ತಲ ಬಾಗಿಲೇ ಜರ್ಮನಿಯಲ್ಲಿ ಶತ್ರುವಿಗೆ ದಾರಿಯಾಯಿತು. ಆ ಬಾಗಿಲನ್ನು ಕಂಪನಿಯೇ ಕಾಯಬೇಕು. ಕೇಳುವ ಹಕ್ಕು ನಮಗಿದೆ. ಮೇಲೆ ಹೇಳಿದ ಎಂಟಂಕಿಯ ಡಬ್ಲ್ಯು.ಪಿ.ಎಸ್. ಅನುಕೂಲವನ್ನು ನಿಲ್ಲಿಸುವುದು ಲೇಸು. ನೆಂಟರಿಗಾಗಿ, ಅಗ್ಗದ ಕ್ಯಾಮೆರಾ ಮುಂತಾದವಕ್ಕಾಗಿ ಬೇರೆ ‘ಅತಿಥಿ’ ಜಾಲವಿಡಲು ಅನೇಕ ಪೆಟ್ಟಿಗೆಗಳಲ್ಲಿ ಅವಕಾಶವುಂಟು. ಪಡಸಾಲೆಗೆ ಬಂದವರು ದೇವರಮನೆಯವರೆಗೆ ಹೋಗದಂತೆ ನೋಡಿಕೊಂಡ ಹಾಗೆ. ಪೆಟ್ಟಿಗೆಯೊಳಗೆ ನಡೆಯುವ ಕಾರ್ಯಕ್ರಮಕ್ಕೆ ಫರ್ಮ್‌ವೇರ್ ಎಂದು ಹೆಸರು. ಅದರ ತಿದ್ದುಪಡಿಗಳನ್ನು ತಯಾರಕರು ಆಗಾಗ ಬಿಡುಗಡೆ ಮಾಡುತ್ತಾರೆ. ಮಳೆಗಾಲಕ್ಕೆ ಮುಂಚೆ ಮಾಳಿಗೆ ಸೋರದಂತೆ ಮಣ್ಣು ಹಾಕುವುದು ಹೇಗೋ ಇದೂ ಹಾಗೆಯೇ. ತಯಾರಕನು ತಿದ್ದುವುದನ್ನೇ ಬಿಟ್ಟಿರುವ ಹಳೆಯ ಪೆಟ್ಟಿಗೆಯನ್ನು, ಅದು ಇನ್ನೂ ಓಡುತ್ತಿದ್ದರೂ, ಬದಲಾಯಿಸುವುದೇ ಸರಿ.

ಅನುಮಾನ ಬಂದಾಗ ಪೆಟ್ಟಿಗೆಯನ್ನು ಆರಿಸಿ ಹಚ್ಚುವ ರೂಢಿ ನಮ್ಮಲ್ಲಿದೆ. ಅದು ನಿರರ್ಥಕವಲ್ಲ. ಮಿರಾಯ್ ಯಂತ್ರದ ತಾತ್ಕಾಲಿಕ ಸ್ಮೃತಿಯಲ್ಲಿ ಮಾತ್ರ ಕೂಡುತ್ತಿದ್ದುದರಿಂದ ಆರಿಸಿದೊಡನೆ ಅಳಿಸಿಹೋಗುತ್ತಿದ್ದಿತು. ಆದರೆ ಪಾಸ್‌ವರ್ಡು ಹಳೆಯದೇ ಇದ್ದರೆ ಕೆಲವೇ ನಿಮಿಷಗಳಲ್ಲಿ ಮತ್ತೆ ಬಂದು ಕೂಡುತ್ತಿದ್ದಿತು. 2018ರ ಮೇ ತಿಂಗಳಲ್ಲಿ ಬೆಳಕಿಗೆ ಬಂದ, 54 ದೇಶಗಳಲ್ಲಿ ಕನಿಷ್ಠ 5 ಲಕ್ಷ ಪೆಟ್ಟಿಗೆಗಳನ್ನು ಹೊಕ್ಕಿದ್ದ ‘ವಿ.ಪಿ.ಎನ್. ಫಿಲ್ಟರ್’ ಎಂಬುದಾದರೋ ಆರಿಸಿ ಹಚ್ಚಿದರೂ ಪೂರ್ತಿ ಹೋಗುತ್ತಿರಲಿಲ್ಲ. ಅಂಥಲ್ಲಿ ಪೆಟ್ಟಿಗೆಯನ್ನು ಕಾರ್ಖಾನೆಯ ಮೊದಲ ಸ್ಥಿತಿಗೆ ತಂದು, ಫರ್ಮ್‌ವೇರ್ ಹೊಸದು ಮಾಡಿ, ಮತ್ತೆ ಎಲ್ಲ ಪಾಸ್‌ವರ್ಡುಗಳನ್ನೂ ಹೊಸದಾಗಿ ಇಡಬೇಕು.

ಇಷ್ಟಕ್ಕೆಲ್ಲ ಒಂದು ಮಧ್ಯಾಹ್ನದ ಬಿಡುವು ಸಾಕು. ಆದರೂ ಜನ ಕೇಳುವ ಪ್ರಶ್ನೆಯೊಂದಿದೆ: ನಮ್ಮ ಮನೆಯಲ್ಲಿ ಕದಿಯುವಂಥದು ಏನಿದೆ? ಈ ಇತಿಹಾಸ ಅದಕ್ಕೆ ಉತ್ತರ ಕೊಟ್ಟಿದೆ. ಮಿರಾಯ್ ಯಾರ ಮನೆಯಿಂದಲೂ ಏನನ್ನೂ ಕದಿಯಲು ಬಂದುದಲ್ಲ. ಅದಕ್ಕೆ ಬೇಕಾಗಿದ್ದುದು ಮನೆಯೊಳಗಿನ ಒಡವೆಯಲ್ಲ, ಮನೆಯ ಅಗಸಿ. ನವಿ ಮುಂಬಯಿಯ ಆ ಮನೆಯಿಂದಲೂ ಏನೂ ಕಳವಾಗಲಿಲ್ಲ. ಅಲ್ಲಿಂದ ಹೊರಟ ಕಾಗದ ಬೇರೆಯವರ ಸಾವಿನ ಸುದ್ದಿಯಾಗಿದ್ದಿತು. ಹಿಂದೆ ಊರಿಗೆಲ್ಲ ಒಂದೇ ಅಗಸಿ ಇದ್ದಾಗ ಒಬ್ಬ ತಳವಾರ ಸಾಲುತ್ತಿದ್ದನು, ಅವನು ಮೈಮರೆತರೆ ಊರಿಗೆ ಕೇಡು. ಈಗ ಪ್ರತಿ ಮನೆಗೂ ಅಗಸಿಯಿದೆ. ಮೂಡಲಗಿಯ ಒಂದು ಮನೆಯವರು ಮೈಮರೆತರೆ ಕೇಡಾಗುವುದು ಮೂಡಲಗಿಗೇ ಆಗಬೇಕಾಗಿಲ್ಲ, ಎಲ್ಲಿಯೋ ಒಂದು ಆಸ್ಪತ್ರೆಗೆ, ಯಾವುದೋ ಒಂದು ಬ್ಯಾಂಕಿಗೆ ಆಗಬಹುದು. ಆದುದರಿಂದ ಇದು ನೆರೆಹೊರೆಯ ಧರ್ಮಕ್ಕೆ ಸೇರಿದ ಕೆಲಸ. ವಾಚಕರು ಈ ಆದಿತ್ಯವಾರ ಆ ಪೆಟ್ಟಿಗೆಯನ್ನೊಮ್ಮೆ ತಿರುಗಿಸಿ ಅದರ ಬೆನ್ನ ಮೇಲೆ ಅಂಟಿಸಿದ ಚೀಟಿಯನ್ನು ಓದಿ ನೋಡಲಿ. ಅಲ್ಲಿ ಅಚ್ಚಾಗಿರುವ ಪಾಸ್‌ವರ್ಡೇ ಇನ್ನೂ ನಡೆಯುತ್ತಿದ್ದರೆ, ಅದನ್ನು ಬದಲಾಯಿಸದೆ ಪೆಟ್ಟಿಗೆಯನ್ನು ಕೆಳಗಿಡಬಾರದು.